ನಾಯಿಯಿಲ್ಲದ ಅರವತ್ತೆರಡನೆಯ ನಡಿಗೆ

೨೦೧೬ ಏಪ್ರಿಲ್ ೨೩, ಶನಿವಾರ, ಬೆಳಿಗ್ಗೆ ೫ ಗಂಟೆ ೪೦ ನಿಮಿಷ. ಲೋವರ್ ಹಟ್‌ನ ನಮ್ಮ ಮನೆಯ ಮುಂದಿನಿಂದ ಎರಡು ಕಾರುಗಳು ಹೊರಟವು. ಮುಂದಿನ ಕಾರಿನಲ್ಲಿ ನಮ್ಮ ಕನ್ನಡ ಬಳಗದ ಅಂಕಲ್ ಮತ್ತು ಆಂಟಿ. ಹಿಂದಿನದರಲ್ಲಿ ಅಪ್ಪ, ಅಮ್ಮ, ಆರು ವರ್ಷದ ತಂಗಿ, ನಾನು, ನಮ್ಮಿಬ್ಬರ ಕಾಲ ಬಳಿ ನಾಯಿ. ಈ ಸಾಲನ್ನು ಆಗಲೇ, ಕಾರಿನಲ್ಲೇ ಕುಳಿತು ನನ್ನ ದಿನಚರಿಯ ಪುಸ್ತಕದಲ್ಲಿ ಬರೆದಿದ್ದೆ. ಉಳಿದದ್ದನ್ನೂ ಅದೇ ಪುಸ್ತಕದಿಂದ ತೆಗೆದು, ಇಲ್ಲಿಯ ಕನ್ನಡದವರ ಈ ಪತ್ರಿಕೆಗೆ ಬರೆಯುತ್ತಿದ್ದೇನೆ. ಬರೀ ನೆನಪಿನಿಂದ ಬರೆಯಲು ಹೊರಟರೆ ನನ್ನ ಕೋಪಕ್ಕೆ ತಕ್ಕಂತೆ ಗಂಟೆಗಳು ಹಿಗ್ಗಿಬಿಡಬಹುದು. ಪುಸ್ತಕದಲ್ಲಿ ಅವು ಇದ್ದಲ್ಲೇ ಇವೆ.

ಮೈಸೂರಿನಿಂದ ನಾವು ಇಲ್ಲಿಗೆ ಬಂದಾಗ ನನಗೆ ಹನ್ನೊಂದು ವರ್ಷ. ಕನ್ನಡ ಮರೆತುಬಿಡುತ್ತೇನೆ ಎಂಬ ಭಯದಿಂದ ಅಮ್ಮ ದಿನಕ್ಕೊಂದು ಪುಟ ಬರೆಸುತ್ತಿದ್ದಳು. ಏನೂ ತೋಚದ ದಿನ ಎದ್ದ ಹೊತ್ತು, ಬಸ್ಸು ಬಂದ ಹೊತ್ತು, ರೈಲಿನ ನಮ್ಮ ಬೋಗಿಯಲ್ಲಿ ಎಷ್ಟು ಜನ ಇದ್ದರು ಎಂದೆಲ್ಲ ಬರೆದು ಪುಟ ತುಂಬಿಸುತ್ತಿದ್ದೆ. ಅಮ್ಮ ಬರೆಸುವುದನ್ನು ನಿಲ್ಲಿಸಿದಳು. ನಾನು ಬರೆಯುವುದನ್ನು ನಿಲ್ಲಿಸಲಿಲ್ಲ. ಈಗ ನನಗೆ ಇಪ್ಪತ್ತು.

ನಾಯಿ ನಮ್ಮ ಮನೆಗೆ ಬಂದದ್ದು ೨೦೧೩ರಲ್ಲಿ. ಎದುರುಮನೆಯವರು ಆಸ್ಟ್ರೇಲಿಯಾಕ್ಕೆ ಹೊರಟಾಗ ಬಿಟ್ಟುಹೋದದ್ದು. ಕುರಿ ಕಾಯುವ ಜಾತಿ, ಕಪ್ಪು ಮೈ, ಕಂದು ಹುಬ್ಬು, ತೂಕ ಹತ್ತೊಂಬತ್ತು ಕೆಜಿ. ಆಗಲೇ ಐದು ವರ್ಷವಾಗಿತ್ತು, ಆದರೂ ಅಮ್ಮ ಮೊದಲ ದಿನವೇ "ಮರಿ" ಎಂದು ಕರೆದಳು, ಈಗಲೂ ಅದು ಮರಿಯೇ. ನಡೆಸದಿದ್ದರೆ ಅದು ಮನೆಯ ಸೋಫಾದಿಂದ ಹಿಡಿದು ಬೇಲಿಯವರೆಗೆ ಎಲ್ಲವನ್ನೂ ಕಡಿಯುತ್ತಿತ್ತು. ಹಾಗಾಗಿ ೨೦೧೪ರ ಜನವರಿಯಿಂದ ಶನಿವಾರಗಳಂದು ನಡೆಯಲು ಶುರುಮಾಡಿದೆವು. ತಂಗಿಯೂ ಬರುತ್ತಿದ್ದಳು. ಅವಳಿಗೆ ಆಗ ನಾಲ್ಕು. ಅವಳೂ ನಡೆಯಬಲ್ಲ, ನಾಯಿಯನ್ನೂ ಬಿಡುವ ದಾರಿ ಹುಡುಕುವುದು ಸುಲಭವಲ್ಲ ಎಂದು ಎರಡನೇ ವಾರಕ್ಕೇ ಗೊತ್ತಾಯಿತು. ಒಂದು ಕಡೆ ನಾಯಿ ಬರಬಹುದು, ಆದರೆ ಮುನ್ನೂರು ಮೆಟ್ಟಿಲು. ಇನ್ನೊಂದು ಕಡೆ ದಾರಿ ಅಂಗೈಯಷ್ಟು ಸಮ, ಆದರೆ ಗೇಟಿನಲ್ಲೇ ನಾಯಿಯ ಚಿತ್ರದ ಮೇಲೆ ಕೆಂಪು ಗೆರೆ. ಮತ್ತೊಂದು ಕಡೆ ಎರಡಕ್ಕೂ ಸರಿ, ಆದರೆ ತೂಗುಸೇತುವೆ. ಅದರ ಮೇಲೆ ನಾಯಿ ನಾಲ್ಕು ಕಾಲೂ ಚಾಚಿ ಮಲಗಿಬಿಟ್ಟಿತು, ಅಪ್ಪ ಹೊತ್ತುಕೊಂಡು ದಾಟಿಸಬೇಕಾಯಿತು.

ಹೀಗೆ ಪಟ್ಟಿ ಹುಟ್ಟಿತು. ಎರಡು ವರ್ಷ ಮೂರು ತಿಂಗಳಿಗೆ ಅರವತ್ತೊಂದು ಸಾಲು. ಅರವತ್ತೊಂದರಲ್ಲೂ ನಾಯಿ ಇತ್ತು. ಹೋದ ದಿನ, ಹೊರಟ ಮತ್ತು ಮುಗಿಸಿದ ಹೊತ್ತು, ಮೆಟ್ಟಿಲು, ಕುಡಿಯುವ ನೀರು, ತಂಗಿ ಎಲ್ಲಿ ಅತ್ತಳು, ಗೇಟಿನ ಬೋರ್ಡಿನಲ್ಲಿ ನಾಯಿಯ ಬಗ್ಗೆ ಏನಿದೆ, ಹಕ್ಕಿಗಳ ಮೊಟ್ಟೆ ತಿನ್ನುವ ಪಾಸಮ್ ಎಂಬ ಪ್ರಾಣಿಯನ್ನು ಕೊಲ್ಲಲು ವಿಷ ಇಟ್ಟಿರುವ ಬೋರ್ಡು ಇದೆಯೇ. ಕಾಲಿಟ್ಟು ನೋಡದ ಯಾವ ಜಾಗವೂ ಆ ಸಾಲುಗಳಲ್ಲಿಲ್ಲ. ಕೆಳಗೆ ಒಂದು ಗೆರೆ ಎಳೆದು, ನಾಯಿಯೊಂದಿಗೆ ಹೋಗಲೇಬಾರದ ಜಾಗಗಳನ್ನು ಬೇರೆಯಾಗಿ ಬರೆದಿದ್ದೆ. ಅಲ್ಲಿ ಮೊದಲಿಗೇ ಎಲ್ಲ ನ್ಯಾಷನಲ್ ಪಾರ್ಕ್‌ಗಳು, ಟೊಂಗರಿರೊದಿಂದ ಶುರುವಾಗಿ.

ಈ ಕಾಯ್ದೆಯ ಮೇಲೆ ನನಗೆ ಕೋಪವಿಲ್ಲ. ಹಾರಲು ಬಾರದೆ ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿಗಳ ಕಾಡು ಅದು. ನಮ್ಮದು ಎಷ್ಟೇ ಸಾಧುವಾದರೂ ನಾಯಿಯೇ. ನನ್ನ ಕೋಪ ಬೇರೆಯವರ ಮೇಲೆ, ಅವರಲ್ಲಿ ನಾನೂ ಒಬ್ಬಳು.

ಅಂಕಲ್ ನಮ್ಮ ಕಡೆಯ ಕನ್ನಡದವರ ಎಲ್ಲ ಟ್ರಿಪ್ಪುಗಳ ಮುಖ್ಯಸ್ಥರು. ಯಾರೂ ನೇಮಿಸಿದ್ದಲ್ಲ, ಅವರೇ ಆದದ್ದು. ಮಾರ್ಚಿನಲ್ಲಿ ನನ್ನ ಪಟ್ಟಿಯನ್ನು ಕೇಳಿದರು, ನಾನು ಹೆಮ್ಮೆಯಿಂದ ಕಳಿಸಿದೆ. ಏಪ್ರಿಲ್ ೨೨ರ ಶುಕ್ರವಾರ ಹುಣ್ಣಿಮೆ. ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಹೊತ್ತಿಗೆ ಅಂಕಲ್ ಘೋಷಿಸಿದರು.

"ನಾಳೆ ಬೆಳಿಗ್ಗೆ ನಾವೆರಡು ಮನೆಯವರು ಉತ್ತರಕ್ಕೆ ಹೋಗ್ತಿದೀವಿ. ಬೆಟ್ಟ ಕಾಣೋ ಜಾಗ. ನಾಯೀನೂ ಬರಬಹುದು. ಇವಳ ಲಿಸ್ಟ್‌ನಲ್ಲಿರೋದೇ."

ನನ್ನ ಪಟ್ಟಿಯ ನಲವತ್ತನಾಲ್ಕನೆಯ ಸಾಲು ದೂರದ ದೊಡ್ಡ ಸರೋವರದ ದಂಡೆಯ ದಾರಿ. ಅಲ್ಲಿಂದ ಬೆಟ್ಟ ಕಾಣುತ್ತದೆ, ನಾಯಿಯನ್ನೂ ಬಿಡುತ್ತಾರೆ. ಅದೇ ಇರಬೇಕು ಎಂದುಕೊಂಡೆ. ಯಾವುದು ಎಂದು ಕೇಳಲಿಲ್ಲ. ಎಲ್ಲವನ್ನೂ ಬರೆದಿಡುವ ನಾನು ಇದೊಂದನ್ನು ಕೇಳಲಿಲ್ಲ.

ಶನಿವಾರ ೮.೩೫ಕ್ಕೆ ಹೆದ್ದಾರಿಯ ಒಂದು ಸಣ್ಣ ಊರಿನಲ್ಲಿ ಕಾಫಿಗೆ ನಿಂತೆವು. ಆಂಟಿ ಕಾರಿನಿಂದ ಇಳಿಯುತ್ತಲೇ ಸ್ಟೀಲ್ ಡಬ್ಬಿ ತೆಗೆದು ಎಲ್ಲರ ಅಂಗೈಗೆ ಒಂದೊಂದು ಚಮಚ ಸಜ್ಜಿಗೆ ಹಾಕಿದರು. ಹಿಂದಿನ ದಿನದ ಪ್ರಸಾದ: ರವೆ, ಹಾಲು, ಬಾಳೆಹಣ್ಣು, ತುಪ್ಪ, ಕೈ ತುಂಬ ಒಣದ್ರಾಕ್ಷಿ. ತಿಂದು ಕೈ ತಲೆಗೆ ಒರೆಸಿಕೊಂಡೆವು. ಅಂಕಲ್ ಒಂದು ಹಾಳೆ ಹೊರತೆಗೆದು ಕಾರಿನ ಬಾನೆಟ್ ಮೇಲೆ ಹರಡಿದರು. ದಪ್ಪ ಅಕ್ಷರದಲ್ಲಿ ಶೀರ್ಷಿಕೆ: "ಸಕುಟುಂಬ ನಡಿಗೆ, ನಾಯಿಗೂ ಸ್ವಾಗತ". ಅದರಡಿ ನನ್ನ ಪಟ್ಟಿ. ಗೆರೆ ಮಾತ್ರ ಇರಲಿಲ್ಲ. ಗೆರೆಯ ಕೆಳಗಿದ್ದದ್ದೆಲ್ಲ ಮೇಲಕ್ಕೆ ಹತ್ತಿ, ಅರವತ್ತೆರಡನೆಯ ಸಾಲಾಗಿ ಟೊಂಗರಿರೊ ನ್ಯಾಷನಲ್ ಪಾರ್ಕ್ ಬಂದು ಕೂತಿತ್ತು.

"ಅಂಕಲ್, ಇದು ಹೋಗಬಾರದ ಜಾಗಗಳ ಲಿಸ್ಟ್. ಬೋರ್ಡಿನ ಕಾಲಂ ಎಲ್ಲಿ?"

"ಪೇಜ್‌ನಲ್ಲಿ ಹಿಡೀಲಿಲ್ಲಮ್ಮ. ಅಷ್ಟೊಂದು ಕಾಲಂ ಹಾಕಿದ್ರೆ ಯಾರು ಓದ್ತಾರೆ? ಸ್ವಲ್ಪ ನೀಟ್ ಮಾಡ್ದೆ."

"ನಾಯೀನ ಅಲ್ಲಿ ಬಿಡಲ್ಲ."

"ಅಯ್ಯೋ, ರೂಲ್ಸ್ ಅಂದ್ಮೇಲೆ ಇರತ್ತೆ. ಕಾಡಿನ ಮಧ್ಯ ಯಾರು ಬಂದು ನೋಡ್ತಾರೆ? ನಿಮ್ಮ ನಾಯಿ ನಮ್ಮನೆ ಪೂಜೇಲಿ ಎರಡು ಗಂಟೆ ಬಾಗಿಲಲ್ಲಿ ಕೂತಿತ್ತು. ನಮ್ಮ ಕೆಲವು ಗೆಸ್ಟ್‌ಗಳಿಗಿಂತ ವಾಸಿ."

ಎಲ್ಲರೂ ನಕ್ಕರು. ನಾನು ಅಪ್ಪನ ಕಡೆ ನೋಡಿದೆ.

"ಅಪ್ಪಾ, ನಲವತ್ತನಾಲ್ಕಕ್ಕೆ ಹೋಗೋಣ. ಇನ್ನೊಂದು ಗಂಟೆ ಜಾಸ್ತಿ ಅಷ್ಟೇ."

ಅಪ್ಪ ಕಾಫಿ ಲೋಟದ ಮುಚ್ಚಳವನ್ನು ಒತ್ತಿ ಒತ್ತಿ ಹಾಕುತ್ತಿದ್ದ. "ಇಷ್ಟು ದೂರ ಬಂದಾಗಿದೆ. ದೊಡ್ಡವರು ಹೇಳ್ತಿದಾರೆ. ನೋಡೋಣ ಇರು."

೧೦.೨೫ಕ್ಕೆ ಪಾರ್ಕಿನ ಒಳಗೆ ಕಾರು ನಿಲ್ಲಿಸುವ ಜಾಗ. ನಾಯಿಯ ಮುಂಗಾಲು ಇನ್ನೂ ನೆಲ ಮುಟ್ಟಿರಲಿಲ್ಲ, ಸಮವಸ್ತ್ರದ ಹೆಂಗಸೊಬ್ಬರು ನಗುತ್ತ ಬಂದರು. ಬೈಯಲಿಲ್ಲ. ನಾಯಿ ಚೆನ್ನಾಗಿದೆ ಎಂದರು, ವಯಸ್ಸು ಕೇಳಿದರು, ಆಮೇಲೆ ಅದನ್ನು ಕಾರಿನಿಂದ ಇಳಿಸುವಂತಿಲ್ಲ ಎಂದರು. ಹದಿನೈದು ಕಿಲೋಮೀಟರ್ ಹಿಂದೆ, ಪಾರ್ಕಿನ ಗಡಿಯ ಹೊರಗಿನ ಊರಿನಲ್ಲಿ ಹುಲ್ಲಿನ ಮೈದಾನವಿದೆ, ಅಲ್ಲಿ ಯಾರಾದರೂ ಅದರ ಜೊತೆ ಕೂರಬಹುದು ಎಂದು ದಾರಿಯನ್ನೂ ಹೇಳಿದರು.

ತಂಗಿಗೆ ಅರ್ಥವಾಗಲಿಲ್ಲ. "ಬಟ್ ಶೀ ಈಸ್ ಫ್ಯಾಮಿಲಿ," ಎಂದಳು.

"ಹೌದು ಪುಟ್ಟಿ, ಇಲ್ಲಿಯ ಹಕ್ಕಿಗೆ ಅದು ಗೊತ್ತಿಲ್ಲ," ಎಂದಳು ಅಮ್ಮ.

ಅಂಕಲ್ ಒಂದು ಕ್ಷಣವೂ ಮುಜುಗರಪಡಲಿಲ್ಲ. "ಆಂಟಿಗೆ ಹೇಗಿದ್ರೂ ಮಂಡಿ ನೋವು, ನಡೆಯಲ್ಲ. ಅವರು ನಾಯಿ ಜೊತೆ ಕೂರ್ತಾರೆ. ಪ್ರಾಬ್ಲಂ ಸಾಲ್ವ್ಡ್."

ಇಲ್ಲಿ ನಾನು ಮಾಡಿದ್ದನ್ನು ಬರೆಯಬೇಕು. ನಾನು ಉಳಿಯಬಹುದಿತ್ತು. ಅಮ್ಮ ಕೇಳಿದಳು ಕೂಡ: "ನೀನು ಇರ್ತೀಯಾ ಮರಿ ಜೊತೆ?" ಆದರೆ ಎದುರಿಗೆ ಬೆಟ್ಟ ತುದಿಯಲ್ಲಿ ಒಂದಿಷ್ಟು ಹೊಸ ಹಿಮ ಹೊತ್ತು ನಿಂತಿತ್ತು. ಜಲಪಾತಕ್ಕೆ ಹೋಗಿ ಸುತ್ತಿ ಬರುವ ಎರಡು ಗಂಟೆಯ ದಾರಿ. ನನ್ನ ಪುಸ್ತಕದಲ್ಲಿ ಅರವತ್ತೆರಡು ಎಂಬ ಸಂಖ್ಯೆ ಬರೆದಾಗಿತ್ತು, ಅದರ ಮುಂದೆ ಖಾಲಿ. ನಾನೇ ನಡೆದು ಅಳತೆ ಹಾಕಿ ಅಂಕಲ್‌ನ ಹಾಳೆಯನ್ನು ತಿದ್ದುತ್ತೇನೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ನಾಯಿಯ ಹಗ್ಗವನ್ನು ಆಂಟಿಯ ಕೈಗೆ ಕೊಟ್ಟು ಹೇಳಿದೆ:

"ಆಂಟಿ, ಇದಕ್ಕೆ ತಿನ್ನಕ್ಕೆ ಏನೂ ಕೊಡಬೇಡಿ. ಬ್ಯಾಗಿನಲ್ಲಿ ನೀರಿದೆ, ಅಷ್ಟು ಸಾಕು."

"ಆಯ್ತಮ್ಮ, ಏನೂ ಕೊಡಲ್ಲ. ನೀನು ನಿಶ್ಚಿಂತೆಯಿಂದ ಹೋಗಿ ಬಾ."

ಅಪ್ಪ ಆಂಟಿಯನ್ನೂ ನಾಯಿಯನ್ನೂ ಮೈದಾನದಲ್ಲಿ ಬಿಟ್ಟು ೧೧.೧೫ಕ್ಕೆ ಹಿಂದಿರುಗಿದ. ೧೧.೨೦ಕ್ಕೆ ನಡೆಯಲು ಶುರು, ೧.೩೫ಕ್ಕೆ ಮುಕ್ತಾಯ. ಜಲಪಾತದ ಹತ್ತಿರ ಮೆಟ್ಟಿಲು ನೂರರ ಮೇಲೆ. ತಂಗಿ ಒಂದು ಸಲವೂ ಅಳಲಿಲ್ಲ, ಆದರೆ ನಾಲ್ಕು ಸಲ ಹಿಂದೆ ತಿರುಗಿ ನಾಯಿಯನ್ನು ಹುಡುಕಿದಳು. ಇದನ್ನೆಲ್ಲ ಬರೆದಿದ್ದೇನೆ. ಒಳ್ಳೆಯ ದಾರಿ. ಅದನ್ನು ನೆನೆದರೆ ಈಗ ಹಲ್ಲು ಕಚ್ಚುವಂತಾಗುತ್ತದೆ.

೧.೫೮ಕ್ಕೆ ಮೈದಾನಕ್ಕೆ ಬಂದೆವು. ನಾಯಿ ಬಾಲ ಅಲ್ಲಾಡಿಸುತ್ತ ಬಂತು. ಮೂತಿಯ ಮೇಲೆ ರವೆಯ ಕಾಳು ಅಂಟಿತ್ತು. ಮೇಜಿನ ಮೇಲೆ ಸ್ಟೀಲ್ ಡಬ್ಬಿ ತೆರೆದಿತ್ತು, ತಳದಲ್ಲಿ ಕಾಲು ಭಾಗ ಉಳಿದಿತ್ತು.

"ಆಂಟಿ, ಏನು ಕೊಟ್ರಿ?"

"ತಿನ್ನಕ್ಕೆ ಏನೂ ಕೊಡಲಿಲ್ಲಮ್ಮ. ನೀನು ಬೇಡ ಅಂದಿದ್ಯಲ್ಲ. ಪ್ರಸಾದ ಅಷ್ಟೇ."

ನಾನು ಡಬ್ಬಿಯನ್ನು ಎತ್ತಿ ಒಳಗೆ ನೋಡಿದೆ. ಅವರೇ ಮುಂದುವರಿಸಿದರು. "ಎಷ್ಟು ದಿನ ಅಂತ ಇಟ್ಕೊಳ್ಳೋದು? ಕಸಕ್ಕೆ ಹಾಕಬಾರದು. ಊರಲ್ಲಾದ್ರೆ ಹಸುವಿಗೆ ಕೊಡ್ತಿದ್ವಿ. ಇಲ್ಲಿ ದಾರಿ ಉದ್ದಕ್ಕೂ ಹಸುಗಳೇ, ಒಂದರ ಹತ್ರನೂ ಹೋಗೋ ಹಾಗಿಲ್ಲ, ಕರೆಂಟ್ ಬೇಲಿ. ಪಾಪ, ಇದೂ ಮೂಕಪ್ರಾಣಿ, ಎಷ್ಟು ಭಕ್ತಿಯಿಂದ ನೆಕ್ಕಿ ತಿಂತು ಗೊತ್ತಾ!"

"ಯಾವಾಗ?"

"ನೀವು ಹೋದ ಸ್ವಲ್ಪ ಹೊತ್ತಿಗೇ. ಹನ್ನೊಂದೂವರೆ ಇರಬೇಕು. ಯಾಕಮ್ಮ?"

ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಮೂರು ವರ್ಷದಿಂದ ಬರೆದು ಅಂಟಿಸಿದ್ದೇನೆ: ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್. ತಂಗಿಗೂ ಬಾಯಿಪಾಠ. ಅವಳೇ ಮೊದಲು ಕಿರುಚಿದ್ದು. ಆ ಡಬ್ಬಿಯನ್ನು ಬೆಳಿಗ್ಗೆ ನಾನು ಕಣ್ಣಾರೆ ನೋಡಿದ್ದೆ, ಅದರಿಂದ ತಿಂದಿದ್ದೆ. ಆದರೂ "ದ್ರಾಕ್ಷಿ" ಎಂಬ ಪದ ನನ್ನ ಬಾಯಿಂದ ಬರಲಿಲ್ಲ. "ತಿನ್ನಕ್ಕೆ" ಎಂದರೆ ಎಲ್ಲವೂ ಬಂತು ಎಂದುಕೊಂಡಿದ್ದೆ. ನಮ್ಮ ಮನೆಗಳಲ್ಲಿ ಉಪವಾಸವಿದ್ದವರೂ ಪ್ರಸಾದ ತೆಗೆದುಕೊಳ್ಳುತ್ತಾರೆ, ಅದು ತಿಂದ ಲೆಕ್ಕಕ್ಕೆ ಬರುವುದಿಲ್ಲ. ಇದು ನನಗೆ ಗೊತ್ತಿಲ್ಲದ ಸಂಗತಿಯೇ?

ಅಂಕಲ್ ಹೇಳಿದರು: "ಒಂದೆರಡು ದ್ರಾಕ್ಷಿಗೆ ಏನಾಗತ್ತೆ? ದೇವರ ಪ್ರಸಾದ ತಿಂದು ಯಾರಿಗಾದ್ರೂ ಕೆಟ್ಟದಾಗಿದ್ದು ಉಂಟಾ?"

ಆ ದಿನ ಅಪ್ಪ ಮೊದಲ ಸಲ ದನಿ ಎತ್ತಿದ. "ಸುಮ್ನಿರ್ರಿ ಸಾಕು!" ನಾಯಿಯನ್ನು ಎತ್ತಿ ಕಾರಿಗೆ ಹಾಕಿದ.

ಬೆಳಿಗ್ಗೆ ೮.೩೫ಕ್ಕೆ ಇದೇ ದನಿ ಎತ್ತಿದ್ದರೆ ಎಂದು ನಾನು ಅವನಿಗೆ ಈವರೆಗೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ತೆರೆದಿರುವ ಪಶುವೈದ್ಯರು ಮುಕ್ಕಾಲು ಗಂಟೆ ದೂರದ ಊರಿನಲ್ಲಿದ್ದರು. ಅಮ್ಮ ಫೋನಿನಲ್ಲಿ ಮಾತಾಡಿದಳು. ಅವಳು ಆಸ್ಪತ್ರೆಯಲ್ಲಿ ನರ್ಸ್, ದನಿ ನಡುಗಲಿಲ್ಲ. ಎಷ್ಟು ತಿಂದಿದೆ ಎಂದು ಆ ಕಡೆಯಿಂದ ಕೇಳಿದರು. ನಾನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಳಿದ ಸಜ್ಜಿಗೆಯನ್ನು ಬೆರಳಿನಿಂದ ಬಿಡಿಸಿ, ದ್ರಾಕ್ಷಿಗಳನ್ನು ಮುಚ್ಚಳದ ಮೇಲೆ ಸಾಲಾಗಿ ಜೋಡಿಸಿದೆ. ಇಪ್ಪತ್ತಮೂರು. ಬೆಳಿಗ್ಗೆ ನಾವು ತಿಂದ ಮೇಲೆ ಇದ್ದುದರಲ್ಲಿ ಉಳಿದದ್ದು ಕಾಲು ಭಾಗ, ನಾಯಿ ತಿಂದದ್ದು ಮುಕ್ಕಾಲು. ಇಪ್ಪತ್ತಮೂರು ಮೂರಲೆ ಅರವತ್ತೊಂಬತ್ತು. ಕೈಯೆಲ್ಲ ತುಪ್ಪ, ಏಲಕ್ಕಿಯ ವಾಸನೆ. ನಾಯಿ ತಂಗಿಯ ಮಡಿಲಿನಲ್ಲಿ ತಲೆಯಿಟ್ಟು, ನನ್ನ ಬೆರಳನ್ನು ನೆಕ್ಕಲು ಇನ್ನೂ ನಾಲಗೆ ಚಾಚುತ್ತಿತ್ತು.

೨.೫೦ಕ್ಕೆ ತಲುಪಿದೆವು. ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿದರು. ಮೂವತ್ತೊಂದು ದ್ರಾಕ್ಷಿ ಹೊರಬಂದವು. ಉಳಿದವು ಮೂವತ್ತೆಂಟು. ಇಷ್ಟು ಸರಿಯಾಗಿ ಲೆಕ್ಕ ಹೇಳುವವರು ಯಾರೂ ಬರುವುದಿಲ್ಲ ಎಂದು ಡಾಕ್ಟರು ನನ್ನನ್ನು ಮೆಚ್ಚಿಕೊಂಡರು. ಆ ಮೆಚ್ಚುಗೆಗೆ ನನಗೆ ಉರಿದುಹೋಯಿತು. ಎಷ್ಟು ದ್ರಾಕ್ಷಿಯವರೆಗೆ ಅಪಾಯವಿಲ್ಲ ಎಂದು ಕೇಳಿದೆ. ಅದಕ್ಕೆ ಲೆಕ್ಕವಿಲ್ಲ ಎಂದರು. ಒಂದು ನಾಯಿ ಹಿಡಿ ತಿಂದೂ ಓಡಾಡುತ್ತದೆ, ಇನ್ನೊಂದು ನಾಲ್ಕಕ್ಕೇ ಮಲಗುತ್ತದೆ, ಕಾದು ನೋಡಬೇಕು.

ಎರಡು ದಿನ ಡ್ರಿಪ್. ನಾವು ಆ ಊರಿನ ಒಂದು ಮೋಟೆಲಿನಲ್ಲಿ ಉಳಿದೆವು. ಅಂಕಲ್, ಆಂಟಿ ಭಾನುವಾರ ಹಿಂದಿರುಗಿದರು. ಭಾನುವಾರ ಬೆಳಿಗ್ಗೆ ನಾಯಿ ನೀರನ್ನೂ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದ ಹೊತ್ತಿಗೆ, ಸರಿಯಾಗಿ ೧೦.೧೨ಕ್ಕೆ, ವಾಟ್ಸಾಪ್ ಗುಂಪಿನಲ್ಲಿ ಬೆಟ್ಟದ ಫೋಟೋ ಬಂತು. ಅಡಿಯಲ್ಲಿ: "ಸೂಪರ್ ಟ್ರಿಪ್! ಎಲ್ಲರೂ ಒಮ್ಮೆ ಹೋಗಿ ಬನ್ನಿ." ಹನ್ನೊಂದು ಹೆಬ್ಬೆರಳು.

ಸೋಮವಾರ ಸಂಜೆ ೪.೧೦ಕ್ಕೆ ನಾಯಿಯನ್ನು ನಮ್ಮ ಕೈಗೆ ಕೊಟ್ಟರು. ಬದುಕಿದೆ. ಅಮ್ಮ ರಕ್ತದ ರಿಪೋರ್ಟನ್ನು ಎರಡು ಸಲ ಓದಿ ಮಡಿಸಿಟ್ಟಳು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಹಿಂದಿನಂತೆ ಆಗುವುದಿಲ್ಲ. ಬೇರೆ ಆಹಾರ, ಸದಾ ನೀರು. ನಡಿಗೆ ಇಪ್ಪತ್ತು ನಿಮಿಷ, ಅದೂ ಸಮನೆಲದಲ್ಲಿ. ಅರವತ್ತೊಂದು ಸಾಲಿನ ನನ್ನ ಪಟ್ಟಿಯಲ್ಲಿ ಇಪ್ಪತ್ತು ನಿಮಿಷದೊಳಗಿನ ಸಮತಟ್ಟು ದಾರಿ ಎಷ್ಟು ಎಂದು ಅಂದೇ ನೋಡಿದೆ. ಎರಡು.

ಮೇ ೧೪ರ ಶನಿವಾರ ಕನ್ನಡದವರ ಸಭೆ. ಸಭಾಂಗಣದ ಬಾಗಿಲ ಬಳಿ ಕುಂಕುಮದ ತಟ್ಟೆಯ ಪಕ್ಕದಲ್ಲೇ ಅದೇ ಹಾಳೆಯ ಕಟ್ಟು. "ನಾಯಿಗೂ ಸ್ವಾಗತ". ಗೆರೆ ಇಲ್ಲ, ಕಾಲಂ ಇಲ್ಲ, ಕೊನೆಗೆ ಹೊಸದೊಂದು ಸಾಲು: "ಮಾಹಿತಿ ಸಂಗ್ರಹಿಸಿದ್ದು ನಮ್ಮದೇ ಹುಡುಗಿ".

"ಅಂಕಲ್, ಇದನ್ನ ತೆಗೀರಿ."

"ನಿನಗೇ ಕ್ರೆಡಿಟ್ ಕೊಟ್ಟಿದೀನಲ್ಲಮ್ಮ!"

"ತಪ್ಪು ಲಿಸ್ಟ್ ಅದು."

"ಒಂದು ನಾಯಿಗೋಸ್ಕರ ಇಷ್ಟೊಂದಾ? ಈಗ ಚೆನ್ನಾಗೇ ಇದೆಯಲ್ಲ."

ನಾನು ಕಟ್ಟನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಎಷ್ಟು ಮಾಡಿಸಿದ್ದಿರಿ ಎಂದು ಕೇಳಿದೆ. ನಲವತ್ತು. ಕಟ್ಟಿನಲ್ಲಿ ಇಪ್ಪತ್ತೆರಡು ಇದ್ದವು. ಹಾಗಾದರೆ ಹದಿನೆಂಟು ಮನೆಗಳಿಗೆ ಹೋಗಿದೆ. ಆ ವಾರವೆಲ್ಲ ಫೋನು ಮಾಡಿ ಹನ್ನೊಂದನ್ನು ಹಿಂದೆ ತರಿಸಿಕೊಂಡೆ. ಪ್ರಸಾದವನ್ನು ವಿಷ ಎಂದವಳು ಎಂದು ನನ್ನ ಬಗ್ಗೆ ಮಾತಾಡುತ್ತಾರೆ ಎಂಬುದು ಆ ಫೋನುಗಳಲ್ಲೇ ತಿಳಿಯಿತು. ನಾನು ಹಾಗೆ ಎಲ್ಲೂ ಹೇಳಿಲ್ಲ. ದ್ರಾಕ್ಷಿ ಎಂದಿದ್ದೆ.

ಮೇ ೨೨, ಭಾನುವಾರ ೧೧ ಗಂಟೆಗೆ ಆಂಟಿ ಒಬ್ಬರೇ ಬಸ್ಸಿನಲ್ಲಿ ಬಂದರು. ಬಾಗಿಲಲ್ಲೇ ನಿಂತು ಕೇಳಿದರು: "ಅದಕ್ಕೆ ಏನು ಕೊಡಬಹುದಮ್ಮ? ಹೇಳು, ಬರ್ಕೋತೀನಿ." ಕೈಯಲ್ಲಿ ಪೆನ್ನು, ಹಳೆಯ ಲಕೋಟೆ. ಅವರನ್ನು ಒಳಗೆ ಕರೆಯಲು ನನಗೆ ಮನಸ್ಸಿರಲಿಲ್ಲ. ಆದರೆ ನಾಯಿ ನನ್ನ ಕಾಲ ಸಂದಿಯಿಂದ ನುಗ್ಗಿ, ಅವರ ಸೀರೆಯ ನೆರಿಗೆಗೆ ಮೂತಿ ಒತ್ತಿ, ಬಾಲವನ್ನು ಗೋಡೆಗೆ ಬಡಿಯುವಷ್ಟು ಅಲ್ಲಾಡಿಸಿತು. ಅವರು ಅತ್ತರು. ನನಗೆ ನಾಯಿಯ ಮೇಲೂ ಸಿಟ್ಟು ಬಂತು. ಆದರೂ ಹೇಳಿದೆ, ಅವರು ಬರೆದುಕೊಂಡರು. ಅಂಕಲ್ ಇದುವರೆಗೂ ಬಂದಿಲ್ಲ, ಕೇಳಿಲ್ಲ.

ಅರವತ್ತೆರಡನೆಯ ಸಾಲನ್ನು ಹೊಡೆದುಹಾಕಿಲ್ಲ. "ನಾಯಿ ಇರಲಿಲ್ಲ" ಎಂದು ಅದರ ಮುಂದೆ ಬರೆದು, ಹಳೆಯ ಪಟ್ಟಿಯನ್ನು ಅಲ್ಲಿಗೆ ಮುಗಿಸಿದ್ದೇನೆ. ಜೂನ್‌ನಿಂದ ಹೊಸದು. ಇಪ್ಪತ್ತು ನಿಮಿಷದೊಳಗೆ ಮುಗಿಯುವ, ಮೆಟ್ಟಿಲಿಲ್ಲದ, ನಾಯಿಯನ್ನು ಬಿಡುವ ದಾರಿಗಳು. ಹತ್ತನೆಯ ನಿಮಿಷಕ್ಕೆ ಅದು ಕೂತುಬಿಡುತ್ತದೆ, ಆಗ ನೀರು ಬೇಕು, ನೆರಳು ಬೇಕು. ತಂಗಿ ಬಟ್ಟಲು ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಈವರೆಗೆ ಐದು ಸಾಲು. ಅದಕ್ಕೆ ಇನ್ನೆಷ್ಟು ಚಳಿಗಾಲ ಉಳಿದಿದೆ ಎಂದು ಡಾಕ್ಟರೂ ಹೇಳುವುದಿಲ್ಲ. ಅದೇ ಐದು ಜಾಗಗಳನ್ನು ಮೂಸಿ ಮೂಸಿ ಅದಕ್ಕೂ ಬೇಸರವಾಗಿದೆ.

ಆದ್ದರಿಂದ ಎರಡು ಮಾತು. ಇನ್ನೂ ಹಿಂದೆ ಬಾರದ ಆ ಏಳು ಹಾಳೆಗಳಲ್ಲಿ ಒಂದು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಹರಿದುಹಾಕಿ, ಹರಿದೆ ಎಂದು ನನಗೆ ತಿಳಿಸಿ, ಲೆಕ್ಕ ಮುಗಿಸಬೇಕು. ಮತ್ತು ಲೋವರ್ ಹಟ್‌ನಿಂದ ಒಂದು ಗಂಟೆಯೊಳಗೆ ಇಂಥ ದಾರಿ ನಿಮಗೆ ಗೊತ್ತಿದ್ದರೆ ಈ ಪತ್ರಿಕೆಯ ಮೂಲಕ ಬರೆಯಿರಿ. ಗೇಟಿನ ಬೋರ್ಡಿನಲ್ಲಿ ನಾಯಿಯ ಬಗ್ಗೆ ಇರುವುದನ್ನು ಅಕ್ಷರಕ್ಕೆ ಅಕ್ಷರ ಬರೆಯಿರಿ, ಅದನ್ನು ನೋಡಿದ ದಿನಾಂಕವನ್ನೂ ಬರೆಯಿರಿ, ನೀರಿನ ನಲ್ಲಿ ಎಷ್ಟನೆಯ ನಿಮಿಷಕ್ಕೆ ಸಿಗುತ್ತದೆ ಎಂದು ಬರೆಯಿರಿ. ಯಾರೋ ಹೇಳಿದ್ದು, ಎಲ್ಲೋ ಓದಿದ್ದು ಬೇಡ. ನೀವೇ ಕಾಲಿಟ್ಟ ದಾರಿಯಾಗಿದ್ದರೆ ಮಾತ್ರ ಬರೆಯಿರಿ.